ನಮ್ದು ಆಮ್ಯಾಕೆ

ಟಪ್. ಎ.ಸಿ.ಯ ನೀರು ಬಕೆಟ್ಟಿಗೆ ಬಿತ್ತು, ಮತ್ತೆ ಟಪ್ — ಮೂಲೆಯಲ್ಲಿ ಬಕೆಟ್ಟು ಇಟ್ಟುಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನ ಫೈವ್ ಜಿ ಕಾಯುವ ಕಂಟ್ರೋಲ್ ರೂಮು ಇದು, ಗಾಜಿನ ಬಾಗಿಲ ಮೇಲೆ ಮಾತ್ರ ನಾಳೆಯ ನೆಟ್‌ವರ್ಕ್ ಇಂದೇ ಅಂತ ದಪ್ಪಕ್ಷರದಲ್ಲಿ ಬರೆಸಿದ್ದಾರೆ, ನಾಳೆಯದಂತೆ, ಇವರ ತಲೆ, ಇವತ್ತಿನದನ್ನೇ ನೆಟ್ಟಗೆ ನಡೆಸಲು ಯೋಗ್ಯತೆಯಿಲ್ಲ — ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಅವ್ವನ ಅಂಗೈ, ಅಲ್ಲಾಡುತ್ತಿಲ್ಲ, ಬೆರಳೆಲ್ಲ ಅಗಲಿಸಿ ಈ ಕಡೆಗೇ ಚಾಚಿದ್ದಾಳೆ, ಹೆಬ್ಬೆರಳ ಬುಡದಲ್ಲಿ ಕುಡುಗೋಲು ತಾಗಿದ್ದ ಹಳೆಯ ಗಾಯದ ಗೆರೆ ಕೂಡ ಕಾಣುತ್ತದೆ, ಅಂಗೈ ಹಿಂದೆ ಅರ್ಧ ಮುಖ, ಬೆವರು, ನರ್ಸ್ ಬೆಳ್ಳಮ್ಮನ ಬಿಳಿ ಕೋಟಿನ ತೋಳು. ಚಿತ್ರ ನಿಂತುಬಿಟ್ಟಿದೆ. ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚುತ್ತಿದ್ದಾಗ ಊರಿಂದ ಪಕ್ಕದ ಮನೆಯ ಆಟೋ ಶಿವರಾಮಣ್ಣನ ಫೋನು, ಅವ್ವನ್ಗೆ ಎದೆ ನೋವು ಕಣವ್ವ, ಎಡಗೈಯೆಲ್ಲ ಎಳೀತದಂತೆ, ನಮ್ಮೂರ ಆಸ್ಪತ್ರೆಗೆ ತಂದಿವ್ನಿ, ಬೆಳ್ಳಮ್ಮ ಸೂಜಿ ರೆಡಿ ಮಾಡ್ಕಂಡವ್ರೆ, ಮಂಡ್ಯದ ಡಾಕ್ಟ್ರು ನೋಡಿ ಊ ಅಂದ್ರೆ ಚುಚ್ತಾರಂತೆ. ಊ ಅನ್ನಬೇಕಾದವರು ಡಾಕ್ಟರ್ ಶುಭಾ, ಇಲ್ಲೇ ಮಂಡ್ಯದಲ್ಲಿ, ನಮ್ಮ ಕಟ್ಟಡದಿಂದ ಎರಡು ರಸ್ತೆ ಆಚೆ ಪರದೆಯ ಮುಂದೆ ಕೂತಿದ್ದಾರೆ, ಅವರಿಗೂ ಇದೇ ಅಂಗೈ ಕಾಣುತ್ತಿರಬೇಕು, ಪೂರ್ತಿ ಇ.ಸಿ.ಜಿ. ಬರದೆ ನಾನು ಹೇಳಲ್ಲ ಕಣಮ್ಮ, ಅದು ರಕ್ತ ಕರಗಿಸೋ ಇಂಜೆಕ್ಷನ್, ತಪ್ಪಾದರೆ ಮಿದುಳಲ್ಲಿ ರಕ್ತ ಸೋರುತ್ತೆ, ಅರ್ಧ ಗೆರೆ ಬಂದಿದೆ, ಇನ್ನರ್ಧ ಕಳಿಸಿಕೊಡಿ ಅಂದರು. ಕಳಿಸಿಕೊಡಬೇಕಾದವಳು ನಾನು. ಡಬ್ಬಿಯಲ್ಲಿ ಅನ್ನ ಹಾಗೇ ಇದೆ.

ದಾರಿ ಇರುವುದು ಒಂದೇ, ಅದಕ್ಕೇ ಗೆರೆ ಎಳೆದು ಪಾಲು ಮಾಡಿ ಸ್ಲೈಸ್ ಅಂತ ಹೆಸರಿಟ್ಟು ಮಾರುತ್ತಾರೆ, ಕಾರ್ಖಾನೆಗೊಂದು ಪಾಲು, ಆಸ್ಪತ್ರೆಗೊಂದು ಪಾಲು, ಊರ ಜನರ ಫೋನುಗಳಿಗೆ ಉಳಿದಿದ್ದು, ಒಬ್ಬರದು ಇನ್ನೊಬ್ಬರಿಗೆ ತಾಗುವುದೇ ಇಲ್ಲ ಅಂತ ಭಾಷಣ ಬೇರೆ, ತಾಗದೇ ಎಲ್ಲಿಗೆ ಹೋಗುತ್ತದೆ, ಗೆಜ್ಜಲಗೆರೆಯದೂ ಭಾರತೀನಗರದ್ದೂ ಮಳವಳ್ಳಿ ಕಡೆಯ ನಮ್ಮೂರದೂ ಎಲ್ಲ ಮದ್ದೂರಿನಲ್ಲಿ ಬಂದು ಒಂದೇ ಕೇಬಲ್ಲಿಗೆ ಬೀಳಬೇಕು. ಎರಡು ಕೇಬಲ್ಲಿದ್ದವು, ಬೆಳಿಗ್ಗೆ ಸೋಮನಹಳ್ಳಿ ಹತ್ತಿರ ಜೆ.ಸಿ.ಬಿ.ಯವನು ಒಂದನ್ನು ಬೇರು ಕಿತ್ತ ಹಾಗೆ ಕಿತ್ತು ಬಿಸಾಕಿದ, ಈಗ ಉಳಿದಿರುವುದು ಅರ್ಧ, ಅರ್ಧದಲ್ಲೇ ಎಲ್ಲರೂ. ಊರ ಜನರ ಫೋನುಗಳಲ್ಲಿ ಆಗಿನಿಂದ ಫೋಟೋ ಹೋಗುತ್ತಿಲ್ಲ, ಮಾತೂ ತುಂಡುತುಂಡು, ಹೋಗಲಿ ಬಿಡು, ಆದರೆ ಆಸ್ಪತ್ರೆಯ ಪಾಲು? ಅದು ಮೀಸಲು, ಯಾರೂ ಮುಟ್ಟುವ ಹಾಗಿಲ್ಲ, ರಿಬ್ಬನ್ ಕತ್ತರಿಸಿದ ದಿನ ನಮ್ಮೂರ ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ನಿಂತು ನಮ್ಮ ಮ್ಯಾನೇಜರು ಸುಧೀಂದ್ರ ಮೈಕಿನಲ್ಲಿ ಹೇಳಿದ್ದ, ತಾಯಂದಿರೇ, ಈ ದಾರಿ ನಿಮಗೇ ಅಂತ ಇಟ್ಟಿರೋದು, ಅವ್ವ ಮೊದಲ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದಳು, ನನ್ನ ಮಗಳ ಸಾಹೇಬ್ರು ಅಂತ ಪಕ್ಕದವಳಿಗೆ ತೋರಿಸಿದ್ದಳು. ಆಮೇಲೆ ಅವನೇ ಆಫೀಸಿನಲ್ಲಿ, ನೋಡಿ ಶೋಭಿತಾ, ಆಸ್ಪತ್ರೆ ಪಾಲು ದಿನವಿಡೀ ಖಾಲಿ ಬಿದ್ದಿರುತ್ತೆ, ಬಳಸದೆ ಬಿದ್ದಿರೋದನ್ನ ಬೇಕಾದವರಿಗೆ ಸಾಲ ಕೊಟ್ಟರೆ ತಪ್ಪಾ? ಸಾಲ ಕೊಡುವುದು ತಪ್ಪಲ್ಲ, ಲೋಕದ ತುಂಬಾ ಹಾಗೇ ಮಾಡುತ್ತಾರೆ, ಖಾಲಿ ಇದ್ದಾಗ ಕೊಡು, ಕೇಳಿದ ಕೂಡಲೇ ವಾಪಸ್ ತಗೋ, ಅದನ್ನು ಬರೆದವಳೇ ನಾನು, ಇಲ್ಲಿಂದ ಒಂದು ಸಲ ಒತ್ತಿದರೆ ನನ್ನ ಪ್ರೋಗ್ರಾಮು ಕಣ್ಣು ಮಿಟುಕಿಸುವುದರೊಳಗೆ ವಾಪಸ್ ಎಳೆದುಕೊಳ್ಳುತ್ತಿತ್ತು, ಅಲ್ಲಿ ಅವನು ಒಂದು ಸಾಲು ಸೇರಿಸಿದ, ಮ್ಯಾನೇಜರ್ ಒಪ್ಪಿಗೆಯಿಲ್ಲದೆ ಕಾರ್ಖಾನೆಯಿಂದ ವಾಪಸ್ ಪಡೆಯಬಾರದು. ಎಲ್ಲಾದಕ್ಕೂ ಮೀಸಲು ಮೀಸಲು ಅಂತಾರಲ್ರೀ, ಪ್ರತಿಭೆ ಇರೋರಿಗೂ ಸ್ವಲ್ಪ ಬಿಡಬೇಕಲ್ವಾ ಅಂತ ನಗುತ್ತಾ ನನ್ನ ಮುಖವನ್ನೇ ನೋಡಿದ, ನನ್ನ ಕೈಕೆಳಗಿನ ಹುಡುಗ ಕಿಟ್ಟು ತಲೆ ತಗ್ಗಿಸಿದ, ನಾನೂ ನಕ್ಕೆ, ಯಾಕೆ ನಕ್ಕೆನೋ ಹಾಳಾದವಳು. ಅವತ್ತೇ ಕೈಯಲ್ಲಿದ್ದ ಕಾಫಿ ಲೋಟ ಎತ್ತಿ ಅವನ ಮೇಜಿನ ಮೇಲೆ ಸುರಿಯಬೇಕಿತ್ತು.

ಮತ್ತೆ ರಿಂಗು. ಸುಧೀಂದ್ರ ಎತ್ತುತ್ತಿಲ್ಲ. ಎತ್ತೋ, ಎತ್ತೋ ಮಾರಾಯ. ಗೆಜ್ಜಲಗೆರೆಯ ಬಾಟಲಿ ಕಾರ್ಖಾನೆಯಲ್ಲಿ ಇವತ್ತು ಡ್ರೈವರಿಲ್ಲದ ಗಾಡಿಗಳ ಮೊದಲ ಪ್ರದರ್ಶನ, ಹೊರಗಿನಿಂದ ದೊಡ್ಡವರು ಬಂದಿದ್ದಾರೆ, ಬೆಳಿಗ್ಗೆ ಕುಂಬಳಕಾಯಿ ಒಡೆದು ಗಾಡಿಗಳಿಗೆ ಹೂವಿನ ಹಾರ ಹಾಕಿ ಫೋಟೋ ಕಳಿಸಿದ್ದ, ಹಣೆ ತುಂಬಾ ಕುಂಕುಮ ಹಚ್ಚಿಕೊಂಡ ಗಾಡಿಗಳು, ಅವು ದಿಕ್ಕು ತಪ್ಪದೆ ಓಡಾಡಲಿ ಅಂತ ಆಸ್ಪತ್ರೆಯ ಪಾಲೆಲ್ಲ ಅಲ್ಲಿ. ಬಾಟಲಿ ಹೊರುವ ಗಾಡಿಗೆ ಅವ್ವನ ಎದೆಯ ಗೆರೆ ದಾರಿ ಬಿಡಬೇಕಂತೆ. ಸಾರ್ ಊಟಕ್ಕೆ ಕೂತಿರಬೇಕು ಮೇಡಂ, ಕಿಟ್ಟು ಹೇಳುತ್ತಾನೆ, ಅಲ್ಲಿನ ಸೆಕ್ಯುರಿಟಿಗೆ ಮಾಡಿದೆ, ಒಳಗೆ ಫೋನ್ ಬಿಡಲ್ಲ ಅಂದ. ಎರಡು ಪಟ್ಟಿ ಪರದೆಯಲ್ಲಿ, ಕಾರ್ಖಾನೆಯದು ಕಿತ್ತಳೆ ಬಣ್ಣ, ಅಂಚಿನಿಂದ ಅಂಚಿಗೆ ಹಬ್ಬಿದೆ, ಆಸ್ಪತ್ರೆಯದು ಹಸಿರು, ದಾರದಷ್ಟು ತೆಳ್ಳಗೆ, ಆ ದಾರದಲ್ಲಿ ಅವ್ವ ನೇತಾಡುತ್ತಿದ್ದಾಳೆ — ಥೂ, ಏನು ಯೋಚನೆ. ಹೋದ ತಿಂಗಳು ಹೀಗೇ ಆಗಿತ್ತಲ್ಲ, ಇನ್ಯಾವುದೋ ಊರಿನ ಆರೋಗ್ಯ ಕೇಂದ್ರ, ಯಾರೋ ಗಂಡಸು, ಹೆಸರೂ ಗೊತ್ತಿಲ್ಲ, ಹಸಿರು ದಾರ ಕಂಡ ತಕ್ಷಣ ಯಾರನ್ನೂ ಕೇಳದೆ ಕಾರ್ಖಾನೆಯಿಂದ ಕಿತ್ತು ಕೊಟ್ಟಿದ್ದೆ, ಒಂದೇ ಒತ್ತು, ಆತ ಬದುಕಿದ, ಡಾಕ್ಟರ್ ಶುಭಾ ಫೋನ್ ಮಾಡಿ ಥ್ಯಾಂಕ್ಸ್ ಅಂದರು, ಸುಧೀಂದ್ರ ಬಾಗಿಲು ಹಾಕಿಕೊಂಡು ಕೂಗಾಡಿದ, ನಿಮಗೆ ಯಾರ್ರೀ ಅಧಿಕಾರ ಕೊಟ್ಟಿದ್ದು, ಇದೇನು ನಿಮ್ಮಪ್ಪನ ಕಾಲುವೇನಾ. ಆ ಸಾಲು ಸೇರಿಸಿದ್ದು ಅದರ ಮಾರನೆಯ ದಿನ. ನಿಮ್ಮಪ್ಪನ ಕಾಲುವೆ, ಯಾರು ಹೇಳಿದ್ದರೋ ಅವನಿಗೆ ಅಪ್ಪ ಏನಾಗಿದ್ದ ಅಂತ, ಅಥವಾ ಬಾಯಿಗೆ ಬಂದದ್ದು ಅಂದನೋ, ಇವತ್ತಿಗೂ ಗೊತ್ತಿಲ್ಲ.

ಅಪ್ಪ ನೀರುಗಂಟಿ. ನೀರ್ಗಂಟಿ ಸಿದ್ರಾಮ, ನಾಲೆಯ ನೀರು ಯಾರ ಗದ್ದೆಗೆ ಯಾವಾಗ ಅಂತ ತೂಬಿನ ಹಲಗೆ ಎತ್ತಿ ಇಳಿಸುವವನು, ತಾತನಿಂದ ಬಂದ ಕೆಲಸ, ನಮ್ಮ ಕೇರಿಯವರದೇ ಆ ಕೆಲಸ, ಹಲಗೆ ನಮ್ಮ ಕೈಯಲ್ಲಿ ಕೊಟ್ಟು ಕಣ್ಣು ಮಾತ್ರ ಊರವರದು. ನಮ್ಮದು ನಾಲೆಯ ಕೊನೆ, ಮೇಲಿನವರೆಲ್ಲ ಕುಡಿದು ಉಳಿದರೆ ನಮಗೆ, ಅಂಥ ನೀರು ಬಂದಾಗಲೂ ಏರಿಯ ಮೇಲೆ ಯಾರಾದರೂ ಕೂತೇ ಇರುತ್ತಿದ್ದರು, ಬೀಡಿ ಸೇದುತ್ತಾ, ಮೊದ್ಲು ಯಾರ ಗದ್ದೆಗೆ ಓಯ್ತದೆ ನೋಡ್ಲಾ, ನೀರ್ಗಂಟಿ ಮನೇದ್ಕೇ ಓಯ್ತದೆ. ಅದಕ್ಕೇ ಅಪ್ಪ ಮಾಡಿಕೊಂಡ ಕಟ್ಟಳೆ, ನಮ್ಮ ಗದ್ದೆಗೆ ಎಲ್ಲರದೂ ಆದ ಮೇಲೆ, ಸರದಿ ಪ್ರಕಾರ ನಮ್ಮದು ಮಧ್ಯದಲ್ಲಿ ಬರುತ್ತಿದ್ದರೂ ಕೊನೆಗೆ, ಅಪ್ಪನಿಗಿಂತ ಹಟದವಳು ಅವ್ವ, ಒಂದು ಬೆಳಿಗ್ಗೆ ಅಪ್ಪ ಯಾಕೋ ಸೋತು, ಪೈರು ಬಾಡಿ ನಿಂತಿತ್ತಲ್ಲ, ನಮ್ಮ ತೂಬಿನ ಹಲಗೆಗೆ ಕೈ ಹಾಕಿದ, ಅವ್ವ ಆಚೆ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದವಳು ಒಂದು ಕೈಯಲ್ಲಿ ಹೊರೆ ಹಿಡಿದು ಇನ್ನೊಂದು ಕೈ ಚಾಚಿದಳು, ಬೆರಳೆಲ್ಲ ಅಗಲಿಸಿ, ಅಂಗೈ ಅಪ್ಪನ ಕಡೆಗೆ. ಅಪ್ಪ ಹಲಗೆ ಬಿಟ್ಟ. ಎಲ್ಲಾರ್ದೂ ಆಗ್ಲಿ, ನಮ್ದು ಆಮ್ಯಾಕೆ, ಅಂದಳು ಅವ್ವ, ಗಟ್ಟಿಯಾಗಿ, ಏರಿ ಮೇಲೆ ಕೂತವರಿಗೆ ಕೇಳಲಿ ಅಂತ. ಮದುವೆ ಮನೆಯಲ್ಲಿ ಎಲೆ ಹಾಕಿ ಕರೆದರೂ ಅದೇ ಅಂಗೈ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೂ ಅದೇ, ಕೊಳಾಯಿ ಮುಂದೆ ನಾವು ಮೊದಲು ಹೋಗಿ ನಿಂತಿದ್ದರೂ ಯಾರೋ ಬಿಂದಿಗೆ ತಂದರೆ ಅದೇ ಅಂಗೈ, ನಮ್ದು ಆಮ್ಯಾಕೆ. ಜನ ಹೊಗಳುತ್ತಿದ್ದರು, ಮಾಯಮ್ಮನಂಥೋಳು ಇಲ್ಲ ಕಣವ್ವ, ಹೊಗಳದೆ ಏನು ಮಾಡುತ್ತಾರೆ, ಅವರ ಬಿಂದಿಗೆ ತುಂಬುತ್ತಿತ್ತಲ್ಲ. ಇಂಜಿನಿಯರಿಂಗಿಗೆ ಸೀಟು ಸಿಕ್ಕಿದ ದಿನ ಗೋಡೆಯ ಬುದ್ಧನ ಪಟಕ್ಕೆ ಕೈ ಮುಗಿದು ನಾನು ಅಂದುಕೊಂಡಿದ್ದೆ, ನನ್ನ ಕಾಲಕ್ಕೆ ಈ ಆಮ್ಯಾಕೆ ಮುಗಿಯಿತು, ಇನ್ನು ಯಾರನ್ನೂ ಕಾಯುವುದಿಲ್ಲ ಅಂತ. ಎಷ್ಟು ಚೆನ್ನಾಗಿ ಮುಗಿದಿದೆ ನೋಡು.

ಮೇಡಂ ನಾನು ಒತ್ತಲಾ, ಕಿಟ್ಟು ಆಗಲೇ ಕೇಳಿದ್ದ, ನನ್ನ ಹೆಸರಲ್ಲಿ ಆಗಲಿ, ಬೈದರೆ ನನಗೆ ಬೈಲಿ. ಇರು ಅಂದೆ. ಕೈ ಎತ್ತಿ ಇರು ಅಂದೆ — ಕೈ ಎತ್ತಿದೆನಾ? ಎತ್ತಿದೆ, ಬೆರಳು ಅಗಲಿಸಿಯೇ ಎತ್ತಿದೆ, ಅಯ್ಯೋ. ಯಾಕೆ ಇರು ಅಂದೆ, ಹೆಸರೇ ಗೊತ್ತಿಲ್ಲದ ಗಂಡಸಿಗೆ ಒಂದೇ ಒತ್ತಿಗೆ ಕಿತ್ತುಕೊಟ್ಟವಳು ಅವ್ವನ ವಿಷಯಕ್ಕೆ ಬಂದಾಗ ಸುಧೀಂದ್ರನಿಗೆ ಫೋನ್ ಮಾಡುತ್ತಾ ಕೂತಿದ್ದೇನೆ, ಒಪ್ಪಿಗೆ ಬೇಕು ಸಾರ್, ದಯವಿಟ್ಟು ಸಾರ್ ಅಂತ ಮೆಸೇಜು ಹಾಕಿದ್ದೇನೆ, ದಯವಿಟ್ಟು, ನನ್ನ ಬಾಯಿಗೆ ಮಣ್ಣು ಹಾಕ. ಹೆದರಿಕೆ ಕೆಲಸದ್ದಲ್ಲ, ಕೆಲಸ ಹೋದರೆ ಹೋಯಿತು, ಬೇರೆ ಸಿಗುತ್ತದೆ, ಹೆದರಿದ್ದು ಏರಿಯ ಮೇಲೆ ಕೂತು ಬೀಡಿ ಸೇದುವವರಿಗೆ, ಇಲ್ಲಿ ಏರಿಯೂ ಇಲ್ಲ ಬೀಡಿಯೂ ಇಲ್ಲ, ಆದರೂ ಕಿವಿಯಲ್ಲಿ ಅದೇ ಮಾತು, ನೋಡ್ಲಾ, ನೀರ್ಗಂಟಿ ಮನೇದ್ಕೇ ಮೊದ್ಲು. ನಾಳೆ ಸುಧೀಂದ್ರ ಮೀಟಿಂಗಿನಲ್ಲಿ ಅಂದರೆ, ಸ್ವಂತ ತಾಯಿಗೋಸ್ಕರ ಗಿರಾಕಿಯ ಪಾಲು ಕಿತ್ತುಕೊಂಡರು ಅಂತ, ಅವರ ಜನವೇ ಹಾಗೆ ಅಂತ ಯಾರೋ ಮೆಲ್ಲಗೆ ಪಕ್ಕದವರಿಗೆ ಹೇಳಿದರೆ. ಅಂದರೆ ಏನೀಗ! ಅನ್ನಲಿ. ಅಪ್ಪ, ನಿನ್ನ ಕಟ್ಟಳೆಗೆ ಬೆಂಕಿ ಬೀಳಲಿ, ಅವರು ಅನ್ನುವುದನ್ನು ನಿಲ್ಲಿಸಿದರಾ, ನಮ್ಮ ಪೈರು ಒಣಗಿದ ಮೇಲೆ ಏನಂದರು ಗೊತ್ತಾ, ನೀರ್ಗಂಟಿಗೆ ಗದ್ದೆ ಮಾಡಾಕೆ ಬರಲ್ಲ ಅಂದರು. ಪಾಲು ನಮ್ಮದು. ಅವ್ವನ ಹೆಸರಿಗೇ ಮೀಸಲಿಟ್ಟ ಪಾಲು, ಸಾಲಕ್ಕೆ ಹೋಗಿದ್ದು, ನಮ್ಮದನ್ನು ನಾವು ವಾಪಸ್ ಕೇಳುವುದಕ್ಕೆ ಸಾರ್ ಅನ್ನಬೇಕಾ, ದಯವಿಟ್ಟು ಅನ್ನಬೇಕಾ, ಡಾಕ್ಟರ್ ಶುಭಾ ಮತ್ತೆ ಕರೆ ಮಾಡುತ್ತಿದ್ದಾರೆ, ಏನಾಯ್ತಮ್ಮಾ, ತಡವಾದರೆ ಆ ಇಂಜೆಕ್ಷನ್ ಪ್ರಯೋಜನಕ್ಕೆ ಬರಲ್ಲ — ಸರಿ. ಒತ್ತಿದೆ. ನಿಜವಾಗಿಯೂ ಒಪ್ಪಿಗೆ ಇದೆಯೇ ಅಂತ ಕೇಳುತ್ತದೆ ಕಂಪ್ಯೂಟರು. ಇದೆ. ಅಧಿಕಾರಿಯ ಹೆಸರು? ಶೋಭಿತಾ. ಒತ್ತಿದೆ.

ಕಿತ್ತಳೆ ಪಟ್ಟಿ ಕುಸಿಯಿತು. ಹಸಿರು ಹಬ್ಬಿತು, ಹಬ್ಬಿತು, ಅಂಚಿನಿಂದ ಅಂಚಿಗೆ ತುಂಬಿಕೊಂಡಿತು, ಕಿಟ್ಟು ಕುರ್ಚಿಯಿಂದ ಎದ್ದು ನಿಂತು ಬಂತು ಮೇಡಂ ಬಂತು ಅನ್ನುತ್ತಿದ್ದಾನೆ, ಗೆಜ್ಜಲಗೆರೆಯಲ್ಲಿ ಹಾರ ಹಾಕಿಕೊಂಡ ಗಾಡಿಗಳೆಲ್ಲ ನಿಂತಲ್ಲೇ ನಿಂತಿರಬೇಕು, ನಿಲ್ಲಲಿ, ದೊಡ್ಡವರೆಲ್ಲ ಊಟದ ತಟ್ಟೆ ಹಿಡಿದುಕೊಂಡು ನೋಡಲಿ, ನನ್ನ ಫೋನು, ಸುಧೀಂದ್ರ! ಈಗ ಎತ್ತಲು ಬಂತು ನೋಡು ಫೋನು, ಅವ್ವನ ಎದೆಗೆ ಬರದ ಕೈ ಬಾಟಲಿ ಗಾಡಿಗೆ ಬಂತು, ಯಾರ್ರೀ ಮುಟ್ಟಿದ್ದು, ಏನ್ರೀ ಮಾಡಿದ್ರಿ, ಗಾಡಿ ನಿಂತಿದೆ ಇಲ್ಲಿ, ಗೊತ್ತಾ ಯಾರ್ಯಾರು ಇದ್ದಾರೆ ಅಂತ. ನಾನೇ ಮುಟ್ಟಿದ್ದು, ಅಂದೆ. ಹೌದು ನಮ್ಮಪ್ಪನ ಕಾಲುವೆ, ಏನೀಗ, ಅಂದೆ. ಫೋನು ಇಟ್ಟುಬಿಟ್ಟೆ. ಎಷ್ಟು ಹಗುರ, ಇಷ್ಟೇನಾ, ಇಷ್ಟಕ್ಕಾ ಇಷ್ಟು ಹೊತ್ತು ಕೈ ಮುಗಿದು ಕೂತಿದ್ದು. ಆದರೆ ಚೌಕ, ಮೂಲೆಯ ಚೌಕ, ಅಂಗೈ ಹಾಗೇ ಇದೆ. ಅಲ್ಲಾಡುತ್ತಿಲ್ಲ. ದಾರಿ ತುಂಬಾ ಹಸಿರು, ಚಿತ್ರ ಯಾಕೆ ಓಡುತ್ತಿಲ್ಲ, ಇನ್ನೊಂದು ಸಲ ಒತ್ತಿ ನೋಡಿದೆ, ಆ ಕಡೆಯ ಪೆಟ್ಟಿಗೆ ಕೆಟ್ಟಿತಾ, ಕರೆಂಟು ಹೋಯಿತಾ. ಕಿಟ್ಟು ಪರದೆ ನೋಡುತ್ತಾನೆ, ನನ್ನನ್ನು ನೋಡುತ್ತಾನೆ. ಮೇಡಂ, ಆ ಕಡೆ ಯಾರೂ ಇಲ್ಲ. ಅವರೇ ಕಟ್ ಮಾಡಿದ್ದಾರೆ, ನಾವು ಒತ್ತೋಕೆ ಮುಂಚೇನೇ. ಇದು ಕೊನೆಯ ಚಿತ್ರ, ಹಾಗೇ ನಿಂತಿರೋದು.

ಅವರೇ ಕಟ್ ಮಾಡಿದರಾ, ಯಾರು, ಬೆಳ್ಳಮ್ಮನಾ, ಅಷ್ಟು ಬುದ್ಧಿಯಿಲ್ಲವಾ ಆ ಹೆಂಗಸಿಗೆ, ಸೂಜಿ ಕೈಯಲ್ಲಿ ಹಿಡಿದುಕೊಂಡು — ಶಿವರಾಮಣ್ಣ, ಎಲ್ಲಿದ್ದೀಯ, ಮಾತು ತುಂಡುತುಂಡಾಗಿ ಬರುತ್ತದೆ, ಟ್ರ್ಯಾಕ್ಟರುಗಳ ಹಾರನ್ನು, ಭಾರತೀನಗರದ ಹತ್ರ ಇವ್ನಿ ಕಣವ್ವ, ಕಬ್ಬಿನ ಗಾಡಿ ಸಾಲು ನಿಂತ್ಬುಟ್ಟದೆ, ಮುಂದಕ್ಕೂ ಓಗಕ್ಕಾಯ್ತಿಲ್ಲ ಇಂದಕ್ಕೂ ತಿರುಗ್ಸಕ್ಕಾಯ್ತಿಲ್ಲ, ಮಂಡ್ಯಕ್ಕೇ ಕರ್ಕಂಡು ಬತ್ತಾ ಇವ್ನಿ. ಯಾಕಣ್ಣ ಹೊರಟಿರಿ, ಯಾಕೆ ಕಾಯಲಿಲ್ಲ, ಈಗ ಬಂತಲ್ಲ, ದಾರಿ ಪೂರ್ತಿ ಬಂತಲ್ಲ ಅಲ್ಲಿಗೆ, ಇ.ಸಿ.ಜಿ. ಕಳಿಸುವ ಪೆಟ್ಟಿಗೆ ಇರುವುದು ಅಲ್ಲಿ, ಆಸ್ಪತ್ರೆಯಲ್ಲಿ, ಯಾರು ಕಟ್ ಮಾಡು ಅಂದಿದ್ದು. ಅವ್ವನೇ ಅಂದ್ಲು. ಏನಂದಳು. ಚಿತ್ರ ನಿಂತೋಯ್ತಲ್ಲ, ಬೆಳ್ಳಮ್ಮ ಇನ್ನೊಸಿ ಕಾಯಾನ ಬತ್ತದೆ ಅಂದ್ರು, ಅವ್ವ ಕೈ ಮುಂದ್ಕೆ ಮಾಡುದ್ಲು, ಬುಡವ್ವ, ಬ್ಯಾರೆಯೋರ್ದು ಸರದಿ ಇರ್ಬೇಕು, ಅವ್ರ್ದು ಆಗ್ಲಿ, ನಮ್ದು ಆಮ್ಯಾಕೆ, ಮಗಳ ಆಪೀಸು, ಅವಳ್ಗೆ ಮಾತು ಬರ್ಬಾರ್ದು ಅಂದ್ಲು. ಮಾತು ಬರಬಾರದು. ನನಗೆ. ಅವ್ವ, ಯಾರ ಸರದಿ ಅವ್ವ ಅದು, ಬಾಟಲಿಯ ಸರದಿ, ಬಾಟಲಿ ಹೊರುವ ಗಾಡಿಯ ಸರದಿ, ಅದಕ್ಕೆ ಬಿಟ್ಟುಕೊಟ್ಟೆಯಲ್ಲ, ಚಪ್ಪಾಳೆ ತಟ್ಟಿದ್ದೆಯಲ್ಲ, ನಿನಗೇ ಅಂತ ಹೇಳಿದ್ದರಲ್ಲ ಮೈಕಿನಲ್ಲಿ, ಕೇಳಿಸಿಕೊಳ್ಳಲಿಲ್ಲವಾ, ನೀನು ಅಲ್ಲಿ ಅಂಗೈ ಚಾಚಿದ ಹೊತ್ತಿಗೇ ನಾನು ಇಲ್ಲಿ ಕಿಟ್ಟುವಿಗೆ — ಅಣ್ಣ, ಬೆಳ್ಳಮ್ಮ ಇದ್ದಾರಾ ಜೊತೇಲಿ, ಅವ್ರೆ ಕಣವ್ವ, ಸೂಜಿ ಡಬ್ಬ ಮಡ್ಲಲ್ಲಿ ಮಡಿಕಂಡವ್ರೆ, ಡಾಕ್ಟ್ರು ಏಳ್ದೆ ಎಂಗೆ ಚುಚ್ಲಿ ಅಂತ ಅಳ್ತಾವ್ರೆ. ಅವ್ವನಿಗೆ ಕೊಡು ಫೋನು. ಹಾರನ್ನು, ಯಾರೋ ಲೇ ಗಾಡಿ ತೆಗೀಲಾ ಅಂತ ಕೂಗುತ್ತಾರೆ. ಅಣ್ಣ, ಕೊಡು, ನಾನು ಬೈಯಬೇಕು ಅವಳಿಗೆ, ಜೋರಾಗಿ ಬೈಯಬೇಕು, ಕಿವಿ ಹತ್ತಿರ ಹಿಡಿ ಸಾಕು. ಅವ್ವ ಮಾತಾಡ್ತಿಲ್ಲ ಕಣವ್ವ, ಎಂಗೋ ನೋಡ್ತಾವ್ಳೆ. ಟಪ್, ಬಕೆಟ್ಟಿಗೆ. ಸುಧೀಂದ್ರನ ಕರೆ ಮತ್ತೆ ಬರುತ್ತಿದೆ, ಬರಲಿ, ಡಾಕ್ಟರ್ ಶುಭಾ ಅವರ ಕರೆಯೂ ಬರುತ್ತಿದೆ, ಪರದೆಯ ತುಂಬಾ ಹಸಿರು, ಮದ್ದೂರಿನಿಂದ ಮಳವಳ್ಳಿಯ ಕೊನೆಯವರೆಗೆ ಅವ್ವನ ಪಾಲು ತುಂಬಿ ಹರಿಯುತ್ತಿದೆ, ತಗೊಳ್ಳುವವರಿಲ್ಲ, ಇಳಿಸವ್ವ, ಕೈ ಇಳಿಸು, ಈಗ ನಮ್ಮದೇ ಸರದಿ, ಕಿಟ್ಟು ಏನೋ ಹೇಳುತ್ತಿದ್ದಾನೆ, ಇಳಿಸು ಅಂದೆನಲ್ಲ, ಮೂಲೆಯ ಚೌಕದಲ್ಲಿ ಬೆರಳು ಅಗಲಿಸಿ, ಕುಡುಗೋಲಿನ ಗೆರೆ, ಅಂಗೈ, ಅವ್ವನ ಅಂಗೈ